ಮಳೆ ನಕ್ಷತ್ರ ನೋಡಿ ಫೋರ್ ಬೈ ಫೋರ್ ಸಾಕುವುದು

ಮಲೆನಾಡಿನಲ್ಲಿ ಫೋರ್ ಬೈ ಫೋರ್ ಗಾಡಿ ಹಾಳಾಗುವುದು ಗುಡ್ಡ ಹತ್ತಿ ಅಲ್ಲ, ನೀರು ಕುಡಿದು. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಗಾಡಿಯ ಅಡಿಭಾಗ ಒಣಗುವುದೇ ಇಲ್ಲ. ಸರ್ವಿಸ್ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ಡಾಂಬರಿನ ಮೇಲೆ ಓಡುವ ಗಾಡಿಗೆ ಸರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದ ದಾರಿಯಲ್ಲಿ ಓಡುವುದಕ್ಕೆ ಮಳೆ ನಕ್ಷತ್ರದ ಲೆಕ್ಕವೇ ವಾಸಿ: ಮೃಗಶಿರಾ ಹುಟ್ಟುವ ಮೊದಲು ಒಂದು ಸುತ್ತಿನ ಕೆಲಸ, ಆರಿದ್ರಾದಿಂದ ಆಶ್ಲೇಷದವರೆಗೆ ವಾರಕ್ಕೊಮ್ಮೆ ಗಾಡಿಯ ಅಡಿಗೆ ಇಣುಕುವುದು, ಚಿತ್ತೆ ಮಳೆ ಮುಗಿದ ಮೇಲೆ ದೊಡ್ಡ ಕೆಲಸ.

ಗಾಡಿ ಯಾವ ಜಾತಿಯದು?

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗಳಲ್ಲಿ ನಮ್ಮ ಕಡೆ ಕಾಣುವುದು ಮುಖ್ಯವಾಗಿ ಎರಡು ಜಾತಿ. ಜಿಮ್ನಿ, ಥಾರ್, ಗೂರ್ಖಾ, ಹಳೇ ಜಿಪ್ಸಿ, ಹಳೇ ಜೀಪು ಇವೆಲ್ಲ ಪಾರ್ಟ್ ಟೈಮ್ ಫೋರ್ ಬೈ ಫೋರ್. ಲಿವರ್ 2ಎಚ್‌ನಲ್ಲಿದ್ದಾಗ ಹಿಂದಿನ ಚಕ್ರ ಮಾತ್ರ ಎಳೆಯುತ್ತದೆ. 4ಎಚ್‌ಗೆ ಹಾಕಿದರೆ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. 4ಎಲ್ ಹಾಕಿದರೆ ವೇಗ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್, ಹಳೇ ಡಸ್ಟರ್‌ಗಳಲ್ಲಿ ಬರುವುದು ಆಲ್ ವೀಲ್ ಡ್ರೈವ್. ಅಲ್ಲಿ ಮುಂದಿನ ಚಕ್ರ ಜಾರಿದಾಗ ಒಂದು ಕಪ್ಲಿಂಗ್ ತಾನಾಗಿ ಬಿಗಿದುಕೊಂಡು ಹಿಂದಕ್ಕೂ ಶಕ್ತಿ ಕಳಿಸುತ್ತದೆ. 4ಎಲ್‌ನಂಥ ಲೋ ರೇಂಜ್ ಇಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದೆ ಓಡಿಸುವವರೇ ಹೆಚ್ಚು. ಪಾರ್ಟ್ ಟೈಮ್ ಗಾಡಿಯನ್ನು 4ಎಚ್‌ನಲ್ಲಿಟ್ಟು ಒಣಗಿದ ಡಾಂಬರಿನ ತಿರುವಿನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೊರಸುತ್ತು ಬಳಸಿ ಹೋಗುತ್ತವೆ, ಹಿಂದಿನವು ಒಳಸುತ್ತು ಹಿಡಿಯುತ್ತವೆ. ಆದರೆ ಎರಡೂ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ನುಂಗಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಹಗ್ಗ ಹೊಸೆದಂತೆ ಒತ್ತಡ ಶಾಫ್ಟಿನೊಳಗೇ ಕೂಡಿಕೊಳ್ಳುತ್ತದೆ. ಸ್ಟೇರಿಂಗ್ ಭಾರವಾಗುವುದು, ಗಾಡಿ ಕುಪ್ಪಳಿಸುವುದು, ಲಿವರ್ 2ಎಚ್‌ಗೆ ವಾಪಸ್ ಬರದೆ ಹಟ ಹಿಡಿಯುವುದು ಇದರ ಲಕ್ಷಣ. ಲಿವರನ್ನು ಜೋರಾಗಿ ಎಳೆಯಬೇಡಿ. ಹತ್ತಿಪ್ಪತ್ತು ಅಡಿ ನೇರ ರಿವರ್ಸ್ ಹೋಗಿ, ಬಿಗಿ ತಾನೇ ಬಿಚ್ಚಿಕೊಳ್ಳುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮಳೆ ಬರುತ್ತಿದೆ ಎಂಬ ಒಂದೇ ಕಾರಣಕ್ಕೆ 4ಎಚ್ ಹಾಕುವುದು ಅನವಶ್ಯಕ. ರಸ್ತೆ ಒದ್ದೆಯಾಗಿದ್ದರೂ ಟೈರಿಗೆ ಹಿಡಿತವಿದ್ದರೆ 2ಎಚ್ ಸಾಕು. ಹಾವಸೆ ಹಿಡಿದ ಕಾಂಕ್ರೀಟ್ ಏರು, ಧರೆ ಕುಸಿದು ಮಣ್ಣು ಹರಡಿದ ಜಾಗ ಬಂದಾಗ ಹಾಕಿ, ದಾಟಿದ ಮೇಲೆ ತೆಗೆಯಿರಿ. 4ಎಲ್ ಹಾಕಬೇಕಾದರೆ ಗಾಡಿ ಪೂರಾ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ತುಳಿದು ಹಾಕಬೇಕು.

ಇನ್ನೊಂದು ಮಾತು. ಫೋರ್ ಬೈ ಫೋರ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಹಾಕಿದಾಗ ಯಾವ ಗಾಡಿಯಾದರೂ ನಾಲ್ಕು ಟೈರಿನ ಹಿಡಿತದ ಮೇಲೇ ನಿಲ್ಲಬೇಕು.

ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿ. ಸುಮ್ಮನೆ ಕೂತ ಮುಂದಿನ ಹೌಸಿಂಗಿನಲ್ಲಿ (ಆಕ್ಸಲ್ ನಡುವಿನ ಗೇರಿನ ಡಬ್ಬಿಯಲ್ಲಿ) ಆಯಿಲ್ ತಳಕ್ಕಿಳಿದು ಮೇಲಿನ ಗೇರು, ಸೀಲುಗಳು ಒಣಗುತ್ತವೆ. ಬೇಕಾದಾಗ ಲಿವರ್ ಬೀಳದಿರುವುದಕ್ಕೆ ಅರ್ಧ ಕಾರಣ ಇದೇ.

ಟೈರ್

ಕಾನೂನಿನ ಪ್ರಕಾರ ಟೈರಿನ ಗಾಡು (ಮೈಮೇಲಿನ ಕಚ್ಚಿನ ಆಳ) 1.6 ಮಿಲಿಮೀಟರ್ ಇದ್ದರೆ ಸಾಕು. ನಮ್ಮ ಮಳೆಗೆ ಅದು ಸಾಲದು. 3 ಮಿಲಿಮೀಟರಿಗೆ ಇಳಿದ ಟೈರನ್ನು ಮೃಗಶಿರಾಕ್ಕೆ ಮೊದಲೇ ಬದಲಿಸಿ. ಆಳ ನೋಡುವ ಗೇಜು ಅಗ್ಗಕ್ಕೇ ಸಿಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಒಂದಿರಲಿ.

ಆಲ್ ವೀಲ್ ಡ್ರೈವ್ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಜಂಬಿಟ್ಟಿಗೆ ಅಂಚಿಗೆ ತಾಗಿ ಒಂದು ಟೈರಿನ ಪಕ್ಕ ಸೀಳಿತು ಅಂದುಕೊಳ್ಳಿ. ಉಳಿದ ಮೂರರಲ್ಲಿ 4 ಮಿಲಿಮೀಟರ್ ಗಾಡು ಉಳಿದಿದೆ, ಹೊಸದರಲ್ಲಿ 8. ತ್ರಿಜ್ಯದಲ್ಲಿ 4 ಮಿಲಿಮೀಟರ್ ವ್ಯತ್ಯಾಸ ಎಂದರೆ ಸುತ್ತಳತೆಯಲ್ಲಿ 25 ಮಿಲಿಮೀಟರ್. ಇಂಥ ಗಾಡಿಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 460 ಸುತ್ತು ಹಾಕುತ್ತದೆ. ಹಾಗಾದರೆ ಕಿಲೋಮೀಟರಿಗೆ ಹನ್ನೊಂದು ಹನ್ನೆರಡು ಮೀಟರ್ ವ್ಯತ್ಯಾಸ. ಕಪ್ಲಿಂಗಿಗೆ ಇದು ಚಕ್ರ ಜಾರಿದಂತೆಯೇ ಕಾಣಬಹುದು. ಅದು ಪದೇಪದೇ ಬಿಗಿದುಕೊಂಡು ಬಿಸಿಯಾಗಿ ಸವೆಯುತ್ತದೆ. ಒಂದು ಟೈರಿನ ದುಡ್ಡು ಉಳಿಸಲು ಹೋಗಿ ಅದರ ಹಲವು ಪಟ್ಟು ಬೆಲೆಯ ಕಪ್ಲಿಂಗ್ ಕಳೆದುಕೊಳ್ಳುವ ವ್ಯಾಪಾರ ಬೇಡ. ನಾಲ್ಕೂ ಟೈರಿನ ಗಾಡು 2 ಮಿಲಿಮೀಟರ್ ವ್ಯತ್ಯಾಸದ ಒಳಗಿರಲಿ, ಕಂಪನಿ ಮತ್ತು ಮಾದರಿಯೂ ಒಂದೇ ಇರಲಿ. ಸ್ಟೆಪ್ನಿ ಅದೇ ಅಳತೆಯದಾಗಿದ್ದರೆ 5,000 ಕಿಲೋಮೀಟರಿಗೊಮ್ಮೆ ಐದನ್ನೂ ಸುತ್ತು ಬದಲಿಸಿ. ಆಗ ಒಂದು ಹೋದರೂ ಅದರ ಜಾಗಕ್ಕೆ ಸರಿಸಮ ಸವೆದ ಇನ್ನೊಂದು ಕೈಯಲ್ಲಿರುತ್ತದೆ. ಸ್ಟೆಪ್ನಿ ಸಣ್ಣ ಅಳತೆಯದಾದರೆ ಅದನ್ನು ಹಾಕಿಕೊಂಡು ಕಪ್ಲಿಂಗ್ ಬಿಗಿದೇ ಇಡುವ ಲಾಕ್ ಮೋಡ್ ಒತ್ತಬೇಡಿ, ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟಿದರೆ ಸಾಕು.

ಗಾಳಿಯ ಒತ್ತಡ ಡಾಂಬರಿಗೆ ಬಾಗಿಲಿನ ಬಳಿಯ ಸ್ಟಿಕರ್ ಹೇಳಿದಷ್ಟು. ಕೆಂಪು ಅಂಟುಮಣ್ಣಿನ ಏರು ಹತ್ತಬೇಕಾದಾಗ 32 ಪಿಎಸ್‌ಐ ಇದ್ದದ್ದನ್ನು 22ಕ್ಕೆ ಇಳಿಸಿ ನೋಡಿ, ಟೈರ್ ಉದ್ದಕ್ಕೆ ಹರಡಿ ನೆಲ ಹಿಡಿಯುತ್ತದೆ. 18ಕ್ಕಿಂತ ಕೆಳಗೆ ಹೋಗಬೇಡಿ. ನಮ್ಮ ಕೆಸರಿನ ಕೆಳಗೆ ಜಂಬಿಟ್ಟಿಗೆ ಇರುತ್ತದೆ, ಮೆತ್ತಗಾದ ಟೈರಿನ ಪಕ್ಕ ಅದಕ್ಕೆ ತಾಗಿ ಸೀಳುತ್ತದೆ ಅಥವಾ ಟೈರ್ ರಿಮ್ಮಿನಿಂದ ಕಳಚುತ್ತದೆ. ಬ್ಯಾಟರಿಗೆ ಕ್ಲಿಪ್ ಹಾಕುವ 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲಿಲ್ಲದಿದ್ದರೆ ಗಾಳಿ ಇಳಿಸುವ ಸಾಹಸವೇ ಬೇಡ. ಇಳಿಸಿದ ಗಾಳಿಯಲ್ಲಿ ಡಾಂಬರಿಗೆ ಬಂದು 40 ಕಿಲೋಮೀಟರ್ ವೇಗದ ಮೇಲೆ ಓಡಿಸಬಾರದು.

ಮೃಗಶಿರಾಕ್ಕೆ ಮೊದಲು

ಜೂನ್ 8ರ ಸುಮಾರಿಗೆ ಮೃಗಶಿರಾ ಹುಟ್ಟುತ್ತದೆ. ಅದಕ್ಕೆ ಹದಿನೈದು ದಿನ ಮೊದಲೇ, ಬಿಸಿಲಿರುವಾಗ, ಈ ಕೆಲಸಗಳು ಮುಗಿಯಲಿ.

ಎಲ್ಲಕ್ಕಿಂತ ಮೊದಲು ಬ್ರೀದರ್, ಅಂದರೆ ಹೌಸಿಂಗ್ ಉಸಿರಾಡುವ ತೂತು. ಹೌಸಿಂಗಿನ ಮೇಲ್ಭಾಗದಲ್ಲಿ ಬೆರಳ ತುದಿ ಗಾತ್ರದ ಒಂದು ಟೊಪ್ಪಿ ಇರುತ್ತದೆ. ಓಡಿ ಬಂದ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ ಹೊರಗಿನಿಂದ ಹೀರಿಕೊಳ್ಳುತ್ತದೆ. ಬ್ರೀದರ್ ಕೆಸರು ಕಟ್ಟಿದ್ದರೆ ಆ ಹೀರುವಿಕೆ ಆಯಿಲ್ ಸೀಲಿನ ಅಂಚಿನಿಂದ ಆಗುತ್ತದೆ. ಸೀಲ್ ಇರುವುದು ಒಳಗಿನ ಆಯಿಲ್ ಹೊರಬರದಿರಲಿ ಎಂದು. ಹೊರಗಿನ ನೀರು ತಡೆಯುವುದು ಅದರ ಮುಖ್ಯ ಕೆಲಸವಲ್ಲ. ಟೊಪ್ಪಿಯನ್ನು ಬೆರಳಿನಿಂದ ಅಲ್ಲಾಡಿಸಿ, ಸಡಿಲವಾಗಿ ಆಡಬೇಕು. ಆಡದಿದ್ದರೆ ಡೀಸೆಲ್ ಹಚ್ಚಿ ಬ್ರಷ್ ಮಾಡಿ. ಹಳ್ಳ ದಾಟುವುದು ನಿತ್ಯದ ಕೆಲಸವಾದರೆ ಟೊಪ್ಪಿ ತೆಗೆದು, ಅದರ ಜಾಗಕ್ಕೆ ಆಯಿಲ್‌ಗೆ ಹಾಳಾಗದ ರಬ್ಬರ್ ಪೈಪು ಹಾಕಿ, ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ದು, ಬಾಯಿ ಕೆಳಮುಖ ಮಾಡಿ ಸಣ್ಣ ಫ್ಯುಯೆಲ್ ಫಿಲ್ಟರ್ ಸಿಕ್ಕಿಸಿ. ಆಕ್ಸಲ್ ಮೇಲೆ ಕೆಳಗೆ ಆಡುವುದಕ್ಕೆ ಪೈಪಿನಲ್ಲಿ ಸಡಿಲ ಬಿಡುವುದು ಮರೆಯಬೇಡಿ. ಕೆಲವು ಗಾಡಿಗೆ ಕಂಪನಿಯೇ ಪೈಪು ಕೊಟ್ಟಿರುತ್ತದೆ, ಅದರ ತುದಿ ಕಳಚಿದೆಯೇ ನೋಡಿದರೆ ಸಾಕು. ವಾರಂಟಿ ಇರುವ ಗಾಡಿಯಾದರೆ ಕೈ ಹಾಕುವ ಮೊದಲು ವಿಚಾರಿಸಿ.

ಆಮೇಲೆ ಚಕ್ರದ ಶಾಫ್ಟಿನ ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟುಗಳು. ಸ್ಟೇರಿಂಗನ್ನು ಒಂದು ಕಡೆ ಪೂರಾ ತಿರುಗಿಸಿ, ಚಕ್ರದ ಹಿಂದೆ ಟಾರ್ಚು ಬಿಡಿ. ರಿಮ್ಮಿನ ಒಳಬದಿಯಲ್ಲಿ ಕಪ್ಪು ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ. ಈಗಲೇ ಬೂಟ್ ಕಿಟ್ ಮತ್ತು ಹೊಸ ಗ್ರೀಸ್ ಹಾಕಿಸಿದರೆ ಸಣ್ಣ ಖರ್ಚು. ಬಿಟ್ಟರೆ ಕೆಂಪುಮಣ್ಣು ಗ್ರೀಸಿಗೆ ಸೇರಿ ಅರೆಯುವ ಕಲ್ಲಾಗುತ್ತದೆ. ಪೂರಾ ತಿರುಗಿಸಿದಾಗ ಟಕ್ ಟಕ್ ಶಬ್ದ ಶುರುವಾದ ಮೇಲೆ ಜಾಯಿಂಟೇ ಬದಲಿಸಬೇಕು. ಜಿಮ್ನಿ, ಜಿಪ್ಸಿಯಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಮುಂದಿನ ಚಕ್ರ ತಿರುಗುವ ಕೀಲಿನ (ನಕಲ್) ಸೀಲಿನ ಸುತ್ತ ಗ್ರೀಸ್ ಸೋರಿದೆಯೇ ನೋಡಿ. 60, 70ರ ವೇಗದಲ್ಲಿ ಗುಂಡಿ ಹಾರಿದಾಗ ಸ್ಟೇರಿಂಗ್ ಗಡಗಡ ನಡುಗಿದರೆ ಮೊದಲು ಟೈರ್ ಬ್ಯಾಲೆನ್ಸ್, ಆಮೇಲೆ ಪ್ಯಾನ್‌ಹಾರ್ಡ್ ರಾಡಿನ ಬುಷ್, ಕೊನೆಗೆ ಕಿಂಗ್‌ಪಿನ್ ಬೇರಿಂಗ್, ಈ ಕ್ರಮದಲ್ಲಿ ಹುಡುಕಿಸಿ. ಸ್ಟೇರಿಂಗ್ ಡ್ಯಾಂಪರ್ ಬದಲಿಸಿ ಕಳಿಸುವ ಮೆಕ್ಯಾನಿಕ್ ರೋಗ ಬಿಟ್ಟು ಜ್ವರಕ್ಕೆ ಮಾತ್ರೆ ಕೊಟ್ಟಂತೆ.

ಪ್ರೊಪೆಲ್ಲರ್ ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್‌ಗಳಿಗೆ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇದ್ದರೆ ಗ್ರೀಸ್ ಗನ್ ಹಿಡಿದು, ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಕಪ್ಪು ಒಣಗಿ ಸಾಯುತ್ತಿದೆ ಎಂದರ್ಥ. ನಿಪ್ಪಲ್ ಇಲ್ಲದಿದ್ದರೆ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ಪ್ಲೇ ನೋಡಿ.

ತುಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆ ಶುರುವಾದ ಮೇಲೆ, ಒದ್ದೆ ಚಾಸಿಯ ಮೇಲೆ ದಪ್ಪಗೆ ಕಪ್ಪು ಅಂಡರ್ ಕೋಟಿಂಗ್ ಹೊಡೆಸಿದರೆ ತುಕ್ಕನ್ನು ಒಳಗಿಟ್ಟು ಹೊಲಿದಂತೆ. ಅಡಿ ಪೂರಾ ತೊಳೆಸಿ, ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕಿದ್ದ ಕಡೆ ವೈರ್ ಬ್ರಷ್ ಮಾಡಿ, ಆಮೇಲೆ ಹೊಡೆಸಿ. ಚಾಸಿಯ ಒಳಗೆ ಮೇಣದಂಥ ಸ್ಪ್ರೇ ಹೋದರೆ ಇನ್ನೂ ಒಳ್ಳೆಯದು, ಏಕೆಂದರೆ ತುಕ್ಕು ಹೆಚ್ಚಾಗಿ ಹುಟ್ಟುವುದು ಒಳಗಿನಿಂದ. ಚಾಸಿ ಮತ್ತು ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳನ್ನು ಕೋಟಿಂಗ್ ಹೊಡೆಯುವವರು ಮುಚ್ಚಿಬಿಡುತ್ತಾರೆ. ಪಕ್ಕದಲ್ಲಿ ನಿಂತು ತೆರೆಸಿ.

ಜಡಿಮಳೆಯ ದಿನಗಳಲ್ಲಿ

ವಾರಕ್ಕೊಮ್ಮೆ ಅಡಿಯ ಕೆಸರು ತೊಳೆಯಿರಿ. ಮೈ ಹೊಳೆಯುವುದು ಮುಖ್ಯವಲ್ಲ. ಚಾಸಿಯ ಮೇಲ್ಭಾಗ, ಟ್ಯಾಂಕಿನ ಗಾರ್ಡು, ಮಡ್‌ಗಾರ್ಡಿನ ಒಳಮಡಿಕೆ, ಹಿಂದಿನ ಬಂಪರಿನ ಒಳಗೆ, ಇಲ್ಲಿ ಕೂತ ಮಣ್ಣು ದೀಪಾವಳಿವರೆಗೂ ಒಣಗದೆ ನೀರು ಹಿಡಿದುಕೊಂಡಿರುತ್ತದೆ. ವಾಟರ್ ಸರ್ವಿಸ್‌ನವರು ಪ್ರೆಷರ್ ಗನ್ನನ್ನು ಬ್ರೀದರ್, ಆಯಿಲ್ ಸೀಲ್, ರೇಡಿಯೇಟರ್ ರೆಕ್ಕೆ, ಆಲ್ಟರ್ನೇಟರ್ ಕಡೆಗೆ ಹತ್ತಿರದಿಂದ ಹಿಡಿಯದಂತೆ ಹೇಳಿ.

ಹಿಂದಿನ ಡ್ರಮ್ ಬ್ರೇಕಿನೊಳಗೆ ಕೆಸರು ಒಮ್ಮೆ ಸೇರಿದರೆ ಹೊರಗೆ ಬರುವುದಿಲ್ಲ. ದಿನವೂ ಕೆಸರು ತುಳಿಯುವ ಗಾಡಿಯಾದರೆ ಮಳೆಗಾಲದ ನಡುವೆ ಒಮ್ಮೆ ಡ್ರಮ್ ಬಿಚ್ಚಿಸಿ ತೊಳೆಸಿ. ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಬೇಕು. ಪಿನ್ ಹಿಡಿದುಕೊಂಡರೆ ಒಂದು ಬದಿಯ ಪ್ಯಾಡ್ ಮಾತ್ರ ಸವೆದು ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಬಾಳೆಬರೆ ಘಾಟಿಯಂಥ ಉದ್ದದ ಇಳುಕಲಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗಿಳಿಯುವುದು ಅದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಮನೆಯಲ್ಲಿ ನಾಲ್ಕೈದು ದಿನ ಗಾಡಿ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಒದ್ದೆ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರು ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಪ್ಲಾಸ್ಟಿಕ್ ತಾಡಪಾಲು ಹೊದಿಸುವುದಕ್ಕಿಂತ ಗಾಳಿಯಾಡುವ ಕೊಟ್ಟಿಗೆ ಮಾಡೇ ಮೇಲು. ವೈಪರ್ ಕೆಳಗಿನ ಜಾಲರಿಯಲ್ಲಿ ತರಗೆಲೆ ತುಂಬಿದರೆ ನೀರು ಕ್ಯಾಬಿನ್ನಿಗೆ ಇಳಿದು ಮ್ಯಾಟಿನ ಕೆಳಗೆ ಬೂಷ್ಟು ಬರುತ್ತದೆ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡುತ್ತಿರಿ, ಅಡಿಕೆ ಸಿಪ್ಪೆ ತಂದು ಇಲಿ ಗೂಡು ಕಟ್ಟಲು ಅದಕ್ಕಿಂತ ಬೆಚ್ಚನೆ ಜಾಗ ಬೇರೆಲ್ಲಿದೆ?

ಹಳ್ಳ ಮತ್ತು ಕೆಸರು

ಹರಿಯುವ ನೀರು ಒಂದು ಅಡಿ ಇದ್ದರೇ ಕಾರನ್ನು ಪಕ್ಕಕ್ಕೆ ದೂಡಬಲ್ಲದು, ಎರಡಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು ತೇಲಿಸುತ್ತದೆ. ಥಾರ್ 650 ಮಿಲಿಮೀಟರ್ ನೀರು ದಾಟುತ್ತದೆ ಎಂದು ಕಂಪನಿ ಹೇಳುವುದು ನಿಂತ ನೀರಿನ ಮಾತು ಎಂದೇ ತಿಳಿಯಿರಿ, ಪುಷ್ಯ ಮಳೆಯ ಹಳ್ಳಕ್ಕೆ ಆ ಅಂಕಿ ಹಿಡಿದು ಇಳಿಯಬೇಡಿ. ಮುಳುಗಿದ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿದ್ದರೆ ವಾಪಸ್ ತಿರುಗಿಸಿ.

ದಾಟಬಹುದಾದ ನೀರಾದರೆ ಮೊದಲು ಕೋಲು ಹಿಡಿದು ನಡೆದು ನೋಡಿ. (ಉಂಬಳ ಹತ್ತುತ್ತದೆ, ಹತ್ತಲಿ.) ಹೌಸಿಂಗ್ ಬಿಸಿ ಇಳಿಯಲು ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ. 4ಎಲ್, ಒಂದು ಅಥವಾ ಎರಡನೇ ಗೇರು, ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚು. ನಡುವೆ ಕ್ಲಚ್ ತುಳಿಯಬೇಡಿ, ಗೇರು ಬದಲಿಸಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಲೇಬಾರದು. ನೀರು ಸಿಲಿಂಡರಿಗೆ ಹೋಗಿದ್ದರೆ ಅದನ್ನು ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ದಡಕ್ಕೆ ತಂದು ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಸರಾಗ ದಾಟಿದ ಮೇಲೆ 20ರ ವೇಗದಲ್ಲಿ ಮೂರ್ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿ.

ಕೆಸರಿನಲ್ಲಿ ಹೂತರೆ ಎಕ್ಸಲರೇಟರ್ ಬಿಡಿ. ಚಕ್ರ ತಿರುಗಿಸಿದಷ್ಟೂ ಗುಂಡಿ ಆಳವಾಗಿ ಹೌಸಿಂಗ್ ನೆಲಕ್ಕೆ ಕೂರುತ್ತದೆ. ಬಂದ ಜಾಡಿನಲ್ಲೇ ಮೆಲ್ಲಗೆ ರಿವರ್ಸ್ ಪ್ರಯತ್ನಿಸಿ. ಮುಂದಿನದೊಂದು, ಹಿಂದಿನದೊಂದು ಮೂಲೆಯಿಂದ ಮೂಲೆಗೆ ಎದುರಾದ ಚಕ್ರ ಹಿಡಿತ ಕಳೆದುಕೊಂಡರೆ ಡಿಫರೆನ್ಶಿಯಲ್ (ಎಡ ಬಲ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಶಕ್ತಿಯನ್ನೆಲ್ಲ ಆ ಖಾಲಿ ಚಕ್ರಗಳಿಗೇ ಕೊಡುತ್ತದೆ. ಗೂರ್ಖಾದಲ್ಲಿ ಲಾಕ್ ಹಾಕಿಕೊಳ್ಳಬಹುದು. ಜಿಮ್ನಿಯಲ್ಲಿ ಜಾರುವ ಚಕ್ರಕ್ಕೆ ಬ್ರೇಕ್ ತಾನಾಗಿ ಬೀಳುತ್ತದೆ, ಅದು ಕೆಲಸ ಮಾಡಲು ಎರಡು ಮೂರು ಸೆಕೆಂಡ್ ಎಕ್ಸಲರೇಟರನ್ನು ಒಂದೇ ಸಮ ಹಿಡಿದಿರಬೇಕು. ಆಗದಿದ್ದರೆ ಗುದ್ದಲಿ ತೆಗೆದು ಚಕ್ರದ ಮುಂದೆ ಇಳಿಜಾರು ಕೆತ್ತಿ, ಜಂಬಿಟ್ಟಿಗೆ ಚೂರು, ಗೋಣಿಚೀಲ, ಕಡ್ಡಿ ಸಮೇತ ಸೊಪ್ಪು ಕೊಡಿ. ಅಡಿಕೆ ಹಾಳೆ ಕೊಡಬೇಡಿ. ಮಕ್ಕಳು ಅದರ ಮೇಲೆ ಕೂತು ಜಾರುವುದು ನೆನಪಿರಲಿ.

ಎಳೆಯುವುದಕ್ಕೆ ಹಗ್ಗ ಕಟ್ಟುವುದು ಚಾಸಿಯ ಗಟ್ಟಿ ಹುಕ್ಕಿಗೆ ಮಾತ್ರ. ಬಂಪರ್, ಆಕ್ಸಲ್, ಟ್ರೈಲರಿನ ಗುಂಡು ಇವಕ್ಕಲ್ಲ. ಟ್ರ್ಯಾಕ್ಟರಿನವರು ತರುವ ಹಳೇ ಕಬ್ಬಿಣದ ವೈರು ಅಥವಾ ಸರಪಳಿ ತುಂಡಾದರೆ ಚಾಟಿಯಂತೆ ಬೀಸುತ್ತದೆ. ನಡುವೆ ಒದ್ದೆ ಗೋಣಿ ಹೊದಿಸಿ, ನೋಡುವವರನ್ನು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಿಸಿ. ವಿಂಚ್ ಇದ್ದರೆ ಅಗಲ ಪಟ್ಟಿ ಸುತ್ತಿ ಹಲಸು, ಮಾವಿನ ಬುಡಕ್ಕೆ ಕಟ್ಟಿ. ಅಡಿಕೆ ಮರಕ್ಕೆ ಕಟ್ಟಿದರೆ ಗಾಡಿ ಬರುವ ಮೊದಲು ಮರ ಬರುತ್ತದೆ, ತೋಟದ ಯಜಮಾನರೂ ಬರುತ್ತಾರೆ.

ಕಾಡಿನೊಳಗಿನ ದಾರಿ ಕಂಡಲ್ಲೆಲ್ಲ ಗಾಡಿ ಇಳಿಸಬೇಡಿ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ ಅಭಯಾರಣ್ಯಗಳಲ್ಲಿ ಅನುಮತಿ ಇಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಕೊಡಚಾದ್ರಿಗೆ ಸ್ಥಳೀಯ ಜೀಪಿನವರೊಂದಿಗೆ ಹೋಗುವುದೇ ಲೇಸು.

ಚಿತ್ತೆ ಕಳೆದ ಮೇಲೆ

ಅಕ್ಟೋಬರ್ ಕೊನೆಗೆ ಮಳೆ ಹಿಂದೆ ಸರಿದಾಗ ಹೌಸಿಂಗ್ ಆಯಿಲ್ ನೋಡಬೇಕು. ಸರ್ವಿಸ್ ಪುಸ್ತಕ ಎಷ್ಟೇ ಕಿಲೋಮೀಟರ್ ಹೇಳಲಿ, ನೀರಿಗಿಳಿದ ಗಾಡಿಗೆ ಈ ತಪಾಸಣೆ ವರ್ಷಕ್ಕೊಮ್ಮೆ ಆಗಲೇಬೇಕು.

ಐದಾರು ಕಿಲೋಮೀಟರ್ ಓಡಿಸಿ ಬಂದು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೌಸಿಂಗಿಗೆ ಎರಡು ಬಿರಡೆ: ಮೇಲಿನದು ತುಂಬುವುದಕ್ಕೆ, ಕೆಳಗಿನದು ಇಳಿಸುವುದಕ್ಕೆ. ಸುತ್ತಲಿನ ಮಣ್ಣು ವೈರ್ ಬ್ರಷ್ಷಿನಿಂದ ತೆಗೆದು ಮೊದಲು ಮೇಲಿನದನ್ನೇ ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಆಯಿಲ್ಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದೆ ಹೋದರೆ, ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಕಿರುಬೆರಳು ಒಳಗೆ ಹಾಕಿ. ಆಯಿಲ್ ತೂತಿನ ಕೆಳಅಂಚಿಗೆ ಮುಟ್ಟುವಂತಿರಬೇಕು. ಬೆರಳಿಗೆ ಹತ್ತಿದ್ದನ್ನು ಬಿಳಿ ಕಾಗದಕ್ಕೆ ಒರೆಸಿ. ಜೇನಿನ ಬಣ್ಣ, ತುಸು ಕಪ್ಪಾದರೂ ತಿಳಿಯಾಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಹೋಗಿದೆ, ಅದನ್ನು ಒಂದು ವಾರವೂ ಓಡಿಸಬೇಡಿ. ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಬಿದ್ದು ಆಮೇಲೆ ಗುಂಯ್ ಎಂಬ ಶಬ್ದ ಹೋಗುವುದೇ ಇಲ್ಲ.

ಕೆಳಗಿನ ಬಿರಡೆಯ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದು ನೋಡಿ. ಬೂದು ಬಣ್ಣದ ನುಣುಪು ಪೇಸ್ಟು ಸಹಜ ಸವೆತ. ಭತ್ತದ ಹೊಟ್ಟಿನಷ್ಟು ದೊಡ್ಡ ಚಕ್ಕೆಗಳು ಸಿಕ್ಕರೆ ಗೇರಿನ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ, ಹೌಸಿಂಗ್ ಬಿಚ್ಚಿಸಲೇಬೇಕು. ಇಪ್ಪತ್ತು ನಿಮಿಷ ಸೋರಲು ಬಿಡಿ. ನೀರು ಸೇರಿದ್ದರೆ ಅದೇ ದರ್ಜೆಯ ಅಗ್ಗದ ಆಯಿಲ್ ತುಂಬಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಬಿಸಿಯಲ್ಲೇ ಇಳಿಸಿ. ಬಣ್ಣ ತಿಳಿಯಾಗುವವರೆಗೆ ಹೀಗೆ ಮಾಡಿದ ಮೇಲೆ ಒಳ್ಳೆಯದನ್ನು ಹಾಕಿ, ಜೊತೆಗೆ ನೀರು ಎಲ್ಲಿಂದ ಬಂತು ಎಂದು ಬ್ರೀದರ್ ಮತ್ತು ಸೀಲ್ ನೋಡಿ.

ಹೌಸಿಂಗಿಗೆ ಸಾಮಾನ್ಯವಾಗಿ ಬೇಕಾಗುವುದು ಜಿಎಲ್-5 ದರ್ಜೆಯ ಗೇರ್ ಆಯಿಲ್, 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90. ಒಂದೊಂದು ಹೌಸಿಂಗಿಗೆ ಒಂದರಿಂದ ಎರಡು ಲೀಟರ್ ಚಿಲ್ಲರೆ ಹಿಡಿಯುತ್ತದೆ. ಸರಿಯಾದ ಅಳತೆ ಪುಸ್ತಕದಲ್ಲಿರುತ್ತದೆ. ಉಳಿಯಿತೆಂದು ಅದನ್ನೇ ಗೇರ್ ಬಾಕ್ಸಿಗೆ ಸುರಿಯಬೇಡಿ. ಜಿಎಲ್-4 ಕೇಳುವ ಗೇರ್ ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಜಿಎಲ್-5ರ ಗಂಧಕದ ಅಂಶ ಒಗ್ಗುವುದಿಲ್ಲ. ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನದು ಮತ್ತೆ ಬೇರೆ. ಕೆಲವಕ್ಕೆ ಗೇರ್ ಆಯಿಲ್, ಕೆಲವಕ್ಕೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಕೆಂಪು ಆಯಿಲ್. ಅಂಗಡಿಯವರ ಮಾತಿಗಿಂತ ಪುಸ್ತಕದ ಪುಟ ನಂಬಿ.

ಮೇಲಿನ ತೂತಿನಿಂದ ಹನಿ ತೊಟ್ಟಿಕ್ಕುವವರೆಗೆ ತುಂಬಿ, ಹೊಸ ವಾಷರ್ ಹಾಕಿ ಬಿಗಿಯಿರಿ. ತಾರೀಕು, ಕಿಲೋಮೀಟರ್, ಇಳಿಸಿದ ಆಯಿಲ್ಲಿನ ಬಣ್ಣ ಮೂರನ್ನೂ ಪೇಂಟರ್ ಟೇಪಿನ ಮೇಲೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಇಳಿಸಿದ ಹಳೇ ಆಯಿಲನ್ನು ಹಳ್ಳದ ಬದಿಗೆ ಚೆಲ್ಲದೆ ಕ್ಯಾನಿಗೆ ತುಂಬಿ, ಮುಂದಿನ ಸಲ ಪೇಟೆಗೆ ಹೋಗುವಾಗ ಗ್ಯಾರೇಜಿಗೆ ಕೊಟ್ಟುಬನ್ನಿ.